ತಡೆಯಿಂದ ಹುಟ್ಟುವ ಲಯ

ಸಭಿಕರೇ,

ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಆಷಾಢದ ರಾತ್ರಿ ಮಳೆ ಸ್ವಲ್ಪ ಹೊಳವಾದರೆ ಸಾಕು, ಗದ್ದೆಯಲ್ಲಿ ಕಪ್ಪೆಗಳ ವಟವಟ ಶುರುವಾಗುತ್ತದೆ. ಯಾರಾದರೂ ಬ್ಯಾಟರಿ ಹಿಡಿದು ಗದ್ದೆಯಂಚಿನ ಮೇಲೆ ಕಾಲಿಟ್ಟರೆ ಸದ್ದು ಒಮ್ಮೆಲೇ ಅಡಗುತ್ತದೆ. ಒಂದಷ್ಟು ಹೊತ್ತಿನ ಮೇಲೆ ಒಂದು ಕಪ್ಪೆ ದನಿ ತೆಗೆಯುತ್ತದೆ, ಅದರ ಹಿಂದೆಯೇ ಉಳಿದವೂ. ಈಗ ಹೀಗೊಂದು ಕಲ್ಪನೆ ಮಾಡಿಕೊಳ್ಳಿ. ಆ ಮನುಷ್ಯ ಜಗಲಿಯಿಂದ ಏಳುವುದೇ ಕಪ್ಪೆಗಳ ಗದ್ದಲ ತಾಳಲಾರದೆ, ಗದ್ದಲ ಅಡಗಿದೊಡನೆ ಅವನು ಜಗಲಿಗೆ ಮರಳುತ್ತಾನೆ. ಆಗ ಗದ್ದಲ, ಮೌನ, ಮತ್ತೆ ಗದ್ದಲ, ಮತ್ತೆ ಮೌನ ಎಂಬ ಒಂದು ಲಯ, ಯಾರೂ ತಾಳ ಹಾಕದೆಯೇ, ತಾನಾಗಿ ಹುಟ್ಟಿಕೊಳ್ಳುತ್ತದೆ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಸೆಕೆಂಡಿಗೆ ಸುಮಾರು 40 ಬಾರಿ ಏರಿಳಿಯುವ ವಿದ್ಯುತ್ ಲಯವೂ ಬಹುಮಟ್ಟಿಗೆ ಇದೇ ಬಗೆಯದು.

ಹಿಪೊಕ್ಯಾಂಪಸ್ ಇರುವುದು ಕಿವಿಯ ನೇರಕ್ಕೆ, ಮಿದುಳಿನ ಒಳಮಡಿಕೆಯಲ್ಲಿ, ಎಡಕ್ಕೊಂದು ಬಲಕ್ಕೊಂದು. 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಹೆನ್ರಿ ಮೊಲೈಸನ್ ಎಂಬಾತನ ಎರಡೂ ಬದಿಯ ಈ ಭಾಗದ ದೊಡ್ಡ ಪಾಲನ್ನು ತೆಗೆದ ಮೇಲೆ ಆತನಿಗೆ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲದಾದವು. ನೆನಪಿಗೂ ಈ ಭಾಗಕ್ಕೂ ಇರುವ ನಂಟು ಸ್ಪಷ್ಟವಾದದ್ದು ಹಾಗೆ.

ಇಲ್ಲಿನ ನರಕೋಶಗಳಲ್ಲಿ ಹೆಚ್ಚಿನವು ಪಿರಮಿಡ್ ಕೋಶಗಳು. ಇವು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಟ್ಟು ನೆರೆಯ ಕೋಶಗಳನ್ನು ಕೆರಳಿಸುತ್ತವೆ; ನಮ್ಮ ಹೋಲಿಕೆಯಲ್ಲಿ ಇವೇ ಕಪ್ಪೆಗಳು. ಸಂಖ್ಯೆಯಲ್ಲಿ ತೀರ ಕಡಿಮೆಯಿರುವ ಇನ್ನೊಂದು ವರ್ಗದ್ದು ತಡೆಯುವ ಕೆಲಸ, ಅವು ಬಿಡುವುದು ಗಾಬಾ ಎಂಬ ರಾಸಾಯನಿಕವನ್ನು. ಇವುಗಳಲ್ಲಿ ಬುಟ್ಟಿ ಕೋಶ ಎಂಬ ಜಾತಿಯೊಂದಿದೆ. ಬಿದಿರಿನ ಸೀಳುಗಳನ್ನು ಹೆಣೆದಂತೆ ಅದರ ತಂತುಗಳು ಪಿರಮಿಡ್ ಕೋಶದ ಒಡಲನ್ನು ಸುತ್ತುವರಿಯುವುದರಿಂದ ಆ ಹೆಸರು. ಒಂದೇ ಬುಟ್ಟಿ ಕೋಶ ಸಾವಿರಕ್ಕೂ ಹೆಚ್ಚು ಪಿರಮಿಡ್ ಕೋಶಗಳನ್ನು ಒಟ್ಟಿಗೆ ಸುಮ್ಮನಾಗಿಸಬಲ್ಲದು, ಒಟ್ಟಿಗೆ ಸುಮ್ಮನಾದವು ತಡೆ ಸಡಿಲಿದಾಗ ಹೆಚ್ಚುಕಡಿಮೆ ಒಟ್ಟಿಗೇ ಏಳುತ್ತವೆ. ಲಯದ ಗುಟ್ಟು ಇರುವುದು ಇಲ್ಲಿ.

ಇದನ್ನು ಕಣ್ಣಾರೆ ಕಾಣಬಹುದು. ಇಲಿಯ ಹಿಪೊಕ್ಯಾಂಪಸ್ಸಿನಿಂದ ಅರ್ಧ ಮಿಲಿಮೀಟರಿಗಿಂತ ತೆಳುವಾದ ಹೋಳು ತೆಗೆದು, ಆಮ್ಲಜನಕ ಬೆರೆತ ಬೆಚ್ಚಗಿನ ಲವಣದ್ರಾವಣದಲ್ಲಿಟ್ಟರೆ ಅದು ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಅದರೊಳಗೆ ವಿದ್ಯುತ್ ಏರಿಳಿತವನ್ನು ಅಳೆಯುವ, ಕೂದಲಿಗಿಂತ ಸಣ್ಣ ತುದಿಯ ಗಾಜಿನ ನಳಿಕೆಯನ್ನು ಇಳಿಸಿದಾಗ ಮೊದಲಿಗೆ ಪರದೆಯ ಮೇಲೆ ಕಾಣುವುದು ಗೊತ್ತುಗುರಿಯಿಲ್ಲದ ನಡುಕ ಮಾತ್ರ. ನರಕೋಶಗಳನ್ನು ಚುರುಕುಗೊಳಿಸುವ ಕಾರ್ಬಕಾಲ್ ಎಂಬ ವಸ್ತುವನ್ನು ದ್ರಾವಣಕ್ಕೆ ಸೇರಿಸಿ ಕಾದರೆ, ಸಿಎ3 ಎಂಬ ವಲಯದಲ್ಲಿ ಅದೇ ಗೆರೆ ನಿಧಾನವಾಗಿ ಬಾಚಣಿಗೆಯ ಹಲ್ಲುಗಳಂತೆ ಸಮಾಂತರದಲ್ಲಿ ಏರಿಳಿಯತೊಡಗುತ್ತದೆ: ಸುಮಾರು 40 ಹರ್ಟ್ಜ್, ಅಂದರೆ ಸೆಕೆಂಡಿಗೆ 40 ಬಾರಿ. ಇದಕ್ಕೆ ಗ್ಯಾಮಾ ಲಯವೆಂದು ಹೆಸರು. 1998ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಗಾಬಾದ ಕೆಲಸವನ್ನು ನಿಲ್ಲಿಸಿದಾಗಲೂ ಲಯ ಅಳಿಯಿತು, ಗ್ಲುಟಮೇಟಿನ ವೇಗದ ಕೆಲಸವನ್ನು ನಿಲ್ಲಿಸಿದಾಗಲೂ ಅಳಿಯಿತು. ಕಪ್ಪೆಯೂ ಬೇಕು, ಜಗಲಿಯ ಮನುಷ್ಯನೂ ಬೇಕು.

ಆದರೆ ನನ್ನ ಹೋಲಿಕೆಯನ್ನು ತೀರ ನಂಬಬೇಡಿ. ಪ್ರತಿ ಸುತ್ತಿನಲ್ಲೂ ಎಲ್ಲ ಪಿರಮಿಡ್ ಕೋಶಗಳೂ ಕೂಗುವುದಿಲ್ಲ. ಒಂದು ಕೋಶ ಹಲವು ಸುತ್ತುಗಳಿಗೊಮ್ಮೆ ಮಾತ್ರ ಸಿಡಿಯುತ್ತದೆ, ಅಂದರೆ ವಿದ್ಯುತ್ ಸ್ಪಂದನವನ್ನು ಹೊಮ್ಮಿಸುತ್ತದೆ. ಬಿಡುವಿಲ್ಲದೆ, ಹೆಚ್ಚುಕಡಿಮೆ ಪ್ರತಿ ಸುತ್ತಿಗೂ ದುಡಿಯುವವು ಬುಟ್ಟಿ ಕೋಶಗಳೇ. ಆ ಕಾರ್ಬಕಾಲ್ ಪ್ರಯೋಗಕ್ಕೂ ಮೂರು ವರ್ಷ ಹಿಂದೆ, 1995ರಲ್ಲಿ, ವಿಟಿಂಗ್ಟನ್, ಟ್ರೌಬ್ ಮತ್ತು ಜೆಫ್ರೀಸ್ ಎಂಬ ಸಂಶೋಧಕರು ಇನ್ನೂ ವಿಚಿತ್ರವಾದುದನ್ನು ತೋರಿಸಿದ್ದರು. ಪಿರಮಿಡ್ ಕೋಶಗಳ ವೇಗದ ಸಂದೇಶಗಳನ್ನೆಲ್ಲ ಮುಚ್ಚಿ, ತಡೆಕೋಶಗಳಿಗೆ ಮಾತ್ರ ಬೇರೊಂದು ದಾರಿಯಿಂದ ಚುರುಕು ಮುಟ್ಟಿಸಿದರೂ, ಅವು ಒಂದನ್ನೊಂದು ತಡೆಯುತ್ತಲೇ ಸುಮಾರು 40 ಹರ್ಟ್ಜಿನ ಲಯವನ್ನು ಕಟ್ಟಿದವು. ಅಂದರೆ ಕಾವಲುಗಾರರು ತಮ್ಮತಮ್ಮಲ್ಲೇ "ಸುಮ್ಮನಿರು" ಎಂದುಕೊಂಡರೂ ತಾಳ ಸಿಗುತ್ತದೆ.

ಲಯದ ವೇಗವನ್ನು ನಿರ್ಧರಿಸುವುದು ಯಾವುದು? 40 ಹರ್ಟ್ಜ್ ಎಂದರೆ ಒಂದು ಸುತ್ತಿಗೆ 25 ಮಿಲಿಸೆಕೆಂಡ್. ಗಾಬಾ ಉಂಟುಮಾಡಿದ ತಡೆ ಕರಗಿಹೋಗಲು ಹಿಡಿಯುವ ಹೊತ್ತೇ ಇದರಲ್ಲಿ ದೊಡ್ಡ ಪಾಲು. ಬಾರ್ಬಿಟುರೇಟ್ ಗುಂಪಿನ ನಿದ್ರಾಜನಕಗಳು ಈ ತಡೆಯನ್ನು ಲಂಬಿಸುತ್ತವೆ. ಅವನ್ನು ಬೆರೆಸಿದರೆ ಲಯ ನಿಂತುಹೋಗುವುದಿಲ್ಲ, ನಿಧಾನವಾಗುತ್ತದೆ. ನನ್ನ ಮಟ್ಟಿಗೆ ಈ ಇಡೀ ವಾದದಲ್ಲಿ ಇದಕ್ಕಿಂತ ಮನವೊಪ್ಪುವ ಸಾಕ್ಷ್ಯ ಇನ್ನೊಂದಿಲ್ಲ.

ಇನ್ನೂ ವೇಗದ ಲಯವೊಂದಿದೆ. ಇಲಿ ನಿದ್ರಿಸುವಾಗ, ಅಥವಾ ಸುಮ್ಮನೆ ಕೂತಾಗ, ಸಿಎ3 ವಲಯದ ಕೋಶಗಳು ಒಮ್ಮೆಲೇ ಸಿಡಿದು ಪಕ್ಕದ ಸಿಎ1 ವಲಯದಲ್ಲಿ 150ರಿಂದ 200 ಹರ್ಟ್ಜಿನ ಕಿರುಅಲೆಗಳನ್ನು ಎಬ್ಬಿಸುತ್ತವೆ. ಎಲ್ಲ ಸೇರಿ ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟರಲ್ಲಿ ಮುಗಿಯುವ ಈ ಅಲೆಗಳಲ್ಲಿ, ಎಚ್ಚರವಿದ್ದಾಗ ಇಲಿ ಓಡಾಡಿದ ದಾರಿಯಲ್ಲಿ ಒಂದಾದ ಮೇಲೊಂದು ಸಿಡಿದಿದ್ದ ಕೋಶಗಳು ಅದೇ ಅನುಕ್ರಮದಲ್ಲಿ, ಹಲವು ಪಟ್ಟು ವೇಗವಾಗಿ, ಮತ್ತೆ ಸಿಡಿಯುತ್ತವೆ. 2009ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ನಿದ್ರೆಯಲ್ಲಿ ಈ ಅಲೆ ಎದ್ದಾಗಲೆಲ್ಲ ಸಣ್ಣ ವಿದ್ಯುತ್ ಸ್ಪಂದನದಿಂದ ಅದನ್ನು ಕೆಡಿಸಿದಾಗ, ಆ ಇಲಿಗಳು ದಾರಿ ಕಲಿಯುವುದರಲ್ಲಿ ಹಿಂದೆ ಬಿದ್ದವು.

ಇಷ್ಟು ವೇಗಕ್ಕೆ ಗಾಬಾದ ತಡೆಯೊಂದೇ ಸಾಕೆ ಎಂಬುದು ಇನ್ನೂ ತೀರ್ಮಾನವಾಗದ ಜಗಳ. ಬುಟ್ಟಿ ಕೋಶಗಳ ಪರಸ್ಪರ ತಡೆಯೇ ಸಾಕೆಂದು ಒಂದು ಪಕ್ಷ. ಪಿರಮಿಡ್ ಕೋಶಗಳ ತಂತುಗಳನ್ನು ನೇರವಾಗಿ ಬೆಸೆದಿರುವ ಸೂಕ್ಷ್ಮ ವಿದ್ಯುತ್ ಕಿಂಡಿಗಳ ಮೂಲಕ, ರಾಸಾಯನಿಕದ ಹಂಗಿಲ್ಲದೆ, ಸ್ಪಂದನ ದಾಟುತ್ತದೆಂದು ಇನ್ನೊಂದು ಪಕ್ಷ. ನನ್ನ ಒಲವು ಮೊದಲನೆಯದರ ಕಡೆಗೆ. ಆದರೆ ರಾಸಾಯನಿಕ ಸಂದೇಶಗಳನ್ನು ಮುಚ್ಚಿದ ಹೋಳುಗಳಲ್ಲೂ ಅಂಥ ಅತಿವೇಗದ ಅಲೆಗಳು ಕಂಡಿರುವುದರಿಂದ, ಎರಡನೆಯ ಪಕ್ಷವನ್ನು ತಳ್ಳಿಹಾಕಲು ನನಗೆ ಧೈರ್ಯ ಸಾಲದು.