ಮನೆ ಸರ್ಕಾರದ್ದು, ಬಾಡಿಗೆದಾರ ದೊಡ್ಡ ಸಾಹೇಬ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ 18, ವಿಶ್ವ ಪರಂಪರೆ ದಿನ ಬಂತು ಅಂದರೆ ನನ್ನಂಥ ನಿವೃತ್ತ ಇಂಜಿನಿಯರುಗಳಿಗೆ ಸ್ವಲ್ಪ ಬೇಡಿಕೆ ಬರುತ್ತದೆ. 19ನೇ ತಾರೀಖಿನಿಂದ ಮತ್ತೆ ಮನೆಗೆ ತರಕಾರಿ ತರುವ ಕೆಲಸವೇ.

ಇವತ್ತು ಹಂಪಿ, ಬೇಲೂರಿನ ಮಾತು ಬೇಡ. ದೇವಸ್ಥಾನ ಕಾಯುವುದು ಒಂದು ಲೆಕ್ಕದಲ್ಲಿ ಸುಲಭ. ಗರ್ಭಗುಡಿಗೆ ಎಸಿ ಹಾಕಿಸಿ ಅಂತ ದೇವರು ಯಾವತ್ತೂ ಫೋನ್ ಮಾಡುವುದಿಲ್ಲ. ಸರ್ಕಾರಿ ನಿವಾಸ ಹಾಗಲ್ಲ. ಅಲ್ಲಿ ಜನ ವಾಸ ಮಾಡುತ್ತಾರೆ, ವರ್ಗವಾಗಿ ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ. ಮನೆ ನೋಡಿಕೊಳ್ಳುವವನಿಗೆ ಬಾಡಿಗೆದಾರನೇ ಬಾಸು. ನಿಮ್ಮಲ್ಲಿ ಅರ್ಧ ಜನ ನಗುತ್ತಿದ್ದೀರಿ, ಅಂದರೆ ಬಂಗಲೆ ಡ್ಯೂಟಿ ಮಾಡಿದವರೇ.

ನಾನು ಜೂನಿಯರ್ ಇಂಜಿನಿಯರ್ ಆಗಿದ್ದಾಗ ಒಂದು ಜಿಲ್ಲೆಯ ಸಾಹೇಬರ ಬಂಗಲೆ ನನ್ನ ಸೆಕ್ಷನ್ನಿಗೆ ಬರುತ್ತಿತ್ತು. ಊರಿನ ಹೆಸರು ಬೇಡ. ಹಳೇ ದಾಸ್ತಾನು ರಿಜಿಸ್ಟರಿನಲ್ಲಿ ‘ತೇಗದ ಕೈಕುರ್ಚಿ, 12’ ಅಂತಿತ್ತು. ಎಣಿಸಿದರೆ 7. ನನಗಿಂತ ಮೊದಲು ಚಾರ್ಜ್ ತಗೊಂಡವರೆಲ್ಲ 12 ಅಂತಲೇ ಸಹಿ ಹಾಕಿದ್ದರು. ನಾನೂ ಹಾಕಿದೆ, ಸುಳ್ಳು ಯಾಕೆ ಹೇಳಲಿ. ಅವತ್ತಿನಿಂದ ನನಗೊಂದು ಹುಚ್ಚು ಹಿಡಿದಿದೆ: ಮೊದಲು ಎಣಿಸಿ, ಆಮೇಲೆ ಬಣ್ಣ ಹೊಡೆಯಿರಿ.

ಈ ಹುಚ್ಚಿಗೆ ನಾನು ಕೊಡುವ ಉದಾಹರಣೆ ಅಮೆರಿಕದ ಶ್ವೇತಭವನ. ಅಷ್ಟು ದೂರ ಯಾಕೆ ಅಂದರೆ, ಅಲ್ಲಿ ನಮ್ಮ ಬಂಗಲೆಯ ತಪ್ಪುಗಳೆಲ್ಲ ಇವೆ, ಸ್ವಲ್ಪ ದೊಡ್ಡ ಸೈಜಿನಲ್ಲಿ.

ಅದು ಬಿಳಿ ಯಾಕೆ ಗೊತ್ತಲ್ವಾ? 1814ರಲ್ಲಿ ಬ್ರಿಟಿಷರು ಸುಟ್ಟರು, ಮಸಿ ಮುಚ್ಚಲು ಬಿಳಿ ಹೊಡೆದರು ಅನ್ನುವುದು ಕಟ್ಟುಕಥೆ. ಗೋಡೆ ವರ್ಜೀನಿಯಾದ ಮರಳುಗಲ್ಲಿನದು, ನೀರು ಕುಡಿಯುವ ಕಲ್ಲು. ಒಳಗೆ ಹೋದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಕಲ್ಲು ಬಿರಿಯುತ್ತದೆ. ಅದಕ್ಕೇ 1798ರಲ್ಲೇ ಸುಣ್ಣ ಹೊಡೆದರು. ನಮ್ಮಜ್ಜಿ ಯುಗಾದಿಗೆ ಹೊಡೆಸುತ್ತಿದ್ದಳಲ್ಲ, ಅದೇ ಸುಣ್ಣ. ಆಮೇಲೆ ಬಂದವರೆಲ್ಲ ಅದರ ಮೇಲೆ ಬಣ್ಣ ಬಳಿಯುತ್ತಾ ಹೋದರು. 1980ರ ದಶಕದಲ್ಲಿ ಕೆರೆಯುತ್ತಾ ಬಂದಾಗ ಕೆಲವು ಕಡೆ 40ರ ಹತ್ತಿರ ಪದರ ಸಿಕ್ಕಿತು. ಕೆತ್ತನೆಯ ಹೂವು, ಎಲೆ ಎಲ್ಲ ಬಣ್ಣದಲ್ಲೇ ಮುಳುಗಿ ಹೋಗಿತ್ತು. 1814ರ ಬೆಂಕಿಯ ಕಪ್ಪು ಕಲೆಯೂ ಕಂಡಿತು. ಒಂದೆರಡು ಕಡೆ ಅದನ್ನು ಹಾಗೇ ಬಿಟ್ಟಿದ್ದಾರೆ. ನಮ್ಮಲ್ಲಾಗಿದ್ದರೆ ಉದ್ಘಾಟನೆಯ ಹಿಂದಿನ ರಾತ್ರಿ ಯಾರಾದರೂ ಅದಕ್ಕೂ ಒಂದು ಕೋಟ್ ಹೊಡೆದುಬಿಡುತ್ತಿದ್ದರು.

ಬೆಂಕಿ ಶತ್ರು ಹಚ್ಚಿದ್ದು. ಮನೆಯವರು ಏನು ಮಾಡಿದರು ನೋಡಿ. 1882ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ‘ಇದೆಲ್ಲ ಹಳೇ ಸಾಮಾನು’ ಅನ್ನುವ ಹಾಗೆ 24 ಗಾಡಿ ಪೀಠೋಪಕರಣ ಹರಾಜು ಹಾಕಿಸಿದ. ಅದು ಅಕ್ರಮವೂ ಅಲ್ಲ. ಹಳೇದು ಮಾರಿ ಹೊಸದು ತರುವುದು ಅಲ್ಲಿನ ರೂಢಿಯೇ ಆಗಿತ್ತು. ನನ್ನ 5 ಕುರ್ಚಿ ಅದರ ಮುಂದೆ ಏನೂ ಅಲ್ಲ. ಆದರೂ ಎಣಿಸಿ ಅಂತ ಹೇಳ್ತೀನಿ.

ಈಗ ಅಧ್ಯಕ್ಷ ಹ್ಯಾರಿ ಟ್ರೂಮನ್ ಕಥೆ. ಇದನ್ನು ಹೇಳದೆ ನಾನು ಯಾವ ವೇದಿಕೆಯಿಂದಲೂ ಇಳಿದಿಲ್ಲ. ಮೊದಲ ಸಾಲಿನವರು ಎರಡು ಸಲ ಕೇಳಿದ್ದಾರೆ, ಕ್ಷಮಿಸಬೇಕು.

1948. ಅಧ್ಯಕ್ಷರ ಮಗಳ ಕೋಣೆಯಲ್ಲಿ ಪಿಯಾನೊ ಇತ್ತು. ಒಂದು ದಿನ ಪಿಯಾನೊದ ಕಾಲು ನೆಲವನ್ನೇ ತೂರಿಕೊಂಡು ಕೆಳಗೆ ಇಳಿಯಿತು. ಅದಕ್ಕೂ ಮುಂಚೆಯೇ ಮೇಲೆ ಯಾರಾದರೂ ನಡೆದರೆ ಕೆಳಗಿನ ಹಾಲ್‌ನಲ್ಲಿ ತೂಗುದೀಪ ಗಲಗಲ ಅಲುಗಾಡುತ್ತಿತ್ತು. ತಾನು ಸ್ನಾನ ಮಾಡುವಾಗ ತೊಟ್ಟಿ ಸಮೇತ ಹೆಂಗಸರ ಪಾರ್ಟಿಯ ಮಧ್ಯೆ ಬಿದ್ದರೆ ಗತಿಯೇನು ಅಂತ ಟ್ರೂಮನ್ ತಮಾಷೆ ಮಾಡುತ್ತಿದ್ದನಂತೆ. ಇಂಜಿನಿಯರುಗಳು ನೆಲ ಬಿಚ್ಚಿ ನೋಡಿದರು. ತೊಲೆಗಳನ್ನು ಕಂಡಕಂಡಲ್ಲಿ ಕೊರೆದಿದ್ದಾರೆ! ಗ್ಯಾಸ್ ಪೈಪಿಗೆ ಒಬ್ಬ, ನಲ್ಲಿ ಪೈಪಿಗೆ ಇನ್ನೊಬ್ಬ, ವೈರಿಂಗಿಗೆ ಮತ್ತೊಬ್ಬ, ಹೀಗೆ ನೂರು ವರ್ಷ ಬಂದಬಂದವರೆಲ್ಲ ‘ಒಂದೇ ಒಂದು ತೂತು ಸಾರ್’ ಅಂತ ಕೊರೆದು ಹೋಗಿದ್ದಾರೆ. ಸಾಲದ್ದಕ್ಕೆ 1927ರಲ್ಲಿ ಮೇಲೆ ಉಕ್ಕು, ಕಾಂಕ್ರೀಟಿನ ಮೂರನೇ ಅಂತಸ್ತು. ಆ ಭಾರ ಇಳಿದಿದ್ದು ಸರಿಯಾದ ಪಾಯವೇ ಇಲ್ಲದ ಒಳಗೋಡೆಗಳ ಮೇಲೆ.

ಕೊನೆಗೆ ಅಧ್ಯಕ್ಷ ಎದುರಿನ ಬ್ಲೇರ್ ಹೌಸಿಗೆ ಮನೆ ಬದಲಾಯಿಸಿದ. ಹೊರಗೋಡೆ ಮಾತ್ರ ನಿಲ್ಲಿಸಿಕೊಂಡು ಒಳಗಿದ್ದದ್ದನ್ನೆಲ್ಲ ತೆಗೆದರು, ಬುಲ್ಡೋಜರನ್ನೇ ಬಿಚ್ಚಿ ಒಳಗೆ ಸಾಗಿಸಿ ಅಲ್ಲೇ ಜೋಡಿಸಿದರು, ಯಾಕೆಂದರೆ ಅದು ಹೋಗುವಷ್ಟು ದೊಡ್ಡ ಬಾಗಿಲು ಹೊರಗೋಡೆಯಲ್ಲಿ ಒಡೆಯಕೂಡದು ಅಂತ ಟ್ರೂಮನ್ ಹಟ. ಒಳಗೆ ಉಕ್ಕಿನ ಚೌಕಟ್ಟು ನಿಲ್ಲಿಸಿದರು. ಸಂಸತ್ತು ಕೊಟ್ಟದ್ದು 54 ಲಕ್ಷ ಡಾಲರ್. 1952ರ ಮಾರ್ಚ್‌ನಲ್ಲಿ ಮನೆಯವರು ವಾಪಸ್ ಬಂದರು.

ಈಗ ನನ್ನ ಜಗಳ. ಕಟ್ಟಡ ಉಳಿಯಿತು, ಒಪ್ಪಿದೆ. ಒಳಗಿನ ಹಳೇ ಮರ, ಗಾರೆಕೆಲಸ ಎಲ್ಲಿ? ಸ್ವಲ್ಪ ಮರ ಮತ್ತೆ ಬಂತು. ಇಟ್ಟಿಗೆ, ಮೊಳೆ, ಮರದ ತುಂಡು ನೆನಪಿನ ಕಾಣಿಕೆಯಾಗಿ ಮಾರಾಟವಾದವು. ಎಷ್ಟೋ ಲೋಡು ಹಳ್ಳ ತುಂಬಲು ಹೋಯಿತು. ದುಡ್ಡು ಕಡಿಮೆ ಬಿದ್ದಿದ್ದಕ್ಕೆ ಪೀಠೋಪಕರಣವನ್ನು ನ್ಯೂಯಾರ್ಕಿನ ಒಂದು ದೊಡ್ಡ ಅಂಗಡಿಯಿಂದ ತರಿಸಿದರು. ಜೀರ್ಣೋದ್ಧಾರ ಅನ್ನುವ ಮಾತಿನಲ್ಲಿ ಉದ್ಧಾರಕ್ಕಿಂತ ಜೀರ್ಣವೇ ಜಾಸ್ತಿ ಆಗಿಬಿಡುತ್ತದೆ ಕೆಲವು ಸಲ.

ಇದೇ ಟ್ರೂಮನ್ ಅದಕ್ಕೆ ಸ್ವಲ್ಪ ಮೊದಲು ದಕ್ಷಿಣದ ಮುಖಕ್ಕೆ ಬಾಲ್ಕನಿ ಕಟ್ಟಿಸಿದ. ಲಲಿತಕಲಾ ಆಯೋಗ ಬೇಡ ಅಂದಿತು. ಕೇಳಲಿಲ್ಲ. 20 ಡಾಲರ್ ನೋಟಿನ ಹಿಂದೆ ಆ ಮನೆಯ ಚಿತ್ರ ಇತ್ತಲ್ಲ, ಬಾಲ್ಕನಿ ಸೇರಿಸಿ ನೋಟನ್ನೇ ತಿದ್ದಿದರು! ಬಾಡಿಗೆದಾರ ಬಾಸ್ ಅಂದರೆ ಹೀಗೆ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಊಟದ ವಾಸನೆಯೂ ಬರುತ್ತಿದೆ, ಗೊತ್ತು.

ಸರಿ, ಮುಖ್ಯವಾದ್ದು ಇದು. 1961ರಲ್ಲಿ ಅಧ್ಯಕ್ಷ ಕೆನಡಿಯ ಹೆಂಡತಿ ಜಾಕ್ವೆಲಿನ್ ಕೆನಡಿ ಆ ಮನೆಗೆ ಬಂದರು. ಹಳೇ ಸಾಮಾನು ಹುಡುಕಿಸಿದರು. ಆ ವರ್ಷ ಮೂರು ಕೆಲಸ ಆಯಿತು: ಹಳೇ ವಸ್ತುಗಳನ್ನು ನೋಡಿಕೊಳ್ಳಲು ಒಬ್ಬ ಕ್ಯುರೇಟರ್ ಬಂದರು, ಹೊರಗಿನಿಂದ ನೆರವು ಕೊಡಲು ಒಂದು ಸಂಘ ಹುಟ್ಟಿತು, ಸೆಪ್ಟೆಂಬರ್‌ನಲ್ಲಿ ಕಾನೂನು ಬಂತು. ಚಾರಿತ್ರಿಕ ಅಂತ ಘೋಷಿಸಿದ ವಸ್ತುವನ್ನು ಮಾರುವ ಹಾಗಿಲ್ಲ, ಮನೆಯಲ್ಲಿ ಬೇಡವಾದರೆ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಗೆ ಹೋಗಬೇಕು. ಅಂದರೆ ಆರ್ಥರನ ಹರಾಜಿಗೆ 79 ವರ್ಷ ಆದಮೇಲೆ ಬಾಗಿಲು ಹಾಕಿದರು. 1964ರ ಮಾರ್ಚ್‌ನಲ್ಲಿ ಅಧ್ಯಕ್ಷ ಜಾನ್ಸನ್ ಆದೇಶ ಹೊರಡಿಸಿ ಮನೆಯ ಸಂರಕ್ಷಣೆಗೇ ಒಂದು ಸಮಿತಿ ಮಾಡಿದ. ಅದಕ್ಕೆ ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ನಿರ್ದೇಶಕರು ಅಧ್ಯಕ್ಷರು. ಕ್ಯುರೇಟರ್ ಇರುತ್ತಾರೆ, ಮನೆ ನಡೆಸುವ ಮುಖ್ಯ ಮೇಲ್ವಿಚಾರಕರೂ ಇರುತ್ತಾರೆ. ಈ ಕೊನೆಯವರು ನನಗೆ ಇಷ್ಟ. ಯಾವ ನಲ್ಲಿ ಸೋರುತ್ತದೆ ಅನ್ನುವುದು ಅವರಿಗೇ ಗೊತ್ತು. ನಮ್ಮ ಸಮಿತಿಗಳಲ್ಲಿ ಬಂಗಲೆ ನೋಡಿಕೊಳ್ಳುವ ಮೇಟಿಯನ್ನು ಯಾರಾದರೂ ಕೂರಿಸಿದ್ದೀರಾ?

ಇನ್ನೊಂದು ಜಾಣತನ ಇದೆ. ಸಮಿತಿಯ ಕಣ್ಣು ಮುಖ್ಯವಾಗಿ ಕೆಳಗಿನ ಸಾರ್ವಜನಿಕ ಕೋಣೆಗಳ ಮೇಲೆ. ಮೇಲಿನ ಮಹಡಿಯಲ್ಲಿ ಮನೆಯವರು ತಮಗೆ ಬೇಕಾದ ಪರದೆ ಹಾಕಿಕೊಳ್ಳಲಿ. ಬದುಕುವವರಿಗೆ ಒಂದಿಷ್ಟು ಜಾಗ ಬಿಟ್ಟರೆ ಉಳಿದದ್ದನ್ನು ಕಾಯಬಹುದು.

ಆದರೂ ಸಮಿತಿಯಿಂದ ಎಲ್ಲ ಆಗುವುದಿಲ್ಲ. ಅದು ಸಲಹೆ ಕೊಡುತ್ತದೆ, ಅಷ್ಟೇ. 1966ರ ಅವರ ಪರಂಪರೆ ಕಾನೂನಿನಲ್ಲಿ ಶ್ವೇತಭವನಕ್ಕೇ ವಿನಾಯಿತಿ ಇದೆ. 2025ರ ಅಕ್ಟೋಬರ್‌ನಲ್ಲಿ ಅದರ ಪೂರ್ವ ದಿಕ್ಕಿನ ಕಟ್ಟಡವನ್ನು (ಈಸ್ಟ್ ವಿಂಗ್) ಔತಣದ ಹಾಲ್ ಕಟ್ಟಲು ಕೆಡವಿದರು, ಫೋಟೊ ನೀವೂ ನೋಡಿರುತ್ತೀರಿ. ಬೇಕಿತ್ತೋ ಬೇಡವೋ ಅಂತ ಅವರು ಜಗಳ ಆಡಿಕೊಳ್ಳಲಿ. ನಾನು ಕೇಳುವುದು ಒಂದೇ, ಕೆಡವುವ ಮೊದಲು ಎಣಿಸಿದರಾ?

ನಮ್ಮ ರಾಜಭವನ, ಬಾಲಬ್ರೂಯಿ, ಕುಮಾರಕೃಪಾ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ರಾಜಭವನ ಮಾರ್ಕ್ ಕಬ್ಬನ್ ಕಟ್ಟಿಸಿದ್ದು ಅಂತ ನಿಮಗೆ ಗೊತ್ತೇ ಇದೆ. ಉಳಿದದ್ದು ಬಿಡ್ತೀನಿ, ಎರಡನೇ ಚೀಟಿ ಬಂತು.

ಅಂದ ಹಾಗೆ ಆ ಕುರ್ಚಿಗಳು. ವರ್ಗವಾಗುವ ವಾರ ಒಂದು ಸಿಕ್ಕಿತು, ಪಂಪ್ ಶೆಡ್ಡಿನಲ್ಲಿ, ಮೋಟರಿನ ಕೆಳಗೆ. ರಿಜಿಸ್ಟರಿನಲ್ಲಿ 12 ಹೊಡೆದುಹಾಕಿ 8 ಅಂತ ಬರೆದು ಸಹಿ ಹಾಕಿ ಬಂದೆ. ಅದಕ್ಕೆ ಮೇಲಿನವರು ಕಾರಣ ಕೇಳಿ ಮೆಮೊ ಕೊಟ್ಟರು. ಉಳಿದ 4 ಯಾರ ಮನೆಯಲ್ಲಿವೆ ಅಂತ ಇಲ್ಲಿ ಯಾರಿಗಾದರೂ ಗೊತ್ತಿದ್ದರೆ ಊಟದ ಹೊತ್ತಿಗೆ ಬಂದು ಹೇಳಿ, ಹೆಸರು ಕೇಳುವುದಿಲ್ಲ. ನಮಸ್ಕಾರ.