ಮತ ಎಲ್ಲಿ ಬಿತ್ತು, ಹೇಗೆ ಎಣಿಸಿದರು: ಸಣ್ಣ ಪಕ್ಷಗಳ ಲೆಕ್ಕಾಚಾರ

(ಹಾಸನದಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನಿಂತು ಜೆಡಿಎಸ್ ಸಣ್ಣ ಪಕ್ಷ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. 2018ರ ವಿಧಾನಸಭೆ ಚುನಾವಣೆಯಲ್ಲಿ ಈ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಆರು ಅದರ ಪಾಲಾದವು. ರಾಜ್ಯದ ಲೆಕ್ಕದಲ್ಲಿ ಮಾತ್ರ ಆಗಲೂ ಅದು ಮೂರನೆಯ ಪಕ್ಷವೇ: ಶೇ. 18.3 ಮತ, 37 ಸ್ಥಾನ. 2023ರಲ್ಲಿ ಮತ ಶೇ. 13.3ಕ್ಕೆ ಇಳಿಯಿತು, ಸ್ಥಾನ 19ಕ್ಕೆ. ಕಾಲುಭಾಗದಷ್ಟು ಮತ ಕರಗಿದ್ದಕ್ಕೆ ಹೆಚ್ಚುಕಡಿಮೆ ಅರ್ಧ ಸ್ಥಾನ ಹೋಯಿತು. ಒಂದೇ ಸೀಮೆಯಲ್ಲಿ ಬಲ ಇರುವ ಪಕ್ಷಕ್ಕೆ ಅಲ್ಲಿ ಮೊದಲನೆಯದಾಗಿ ಇರುವಷ್ಟು ದಿನ ಲಾಭ. ಎರಡನೆಯ ಜಾಗಕ್ಕೆ ಜಾರಿದ ಕ್ಷೇತ್ರದಲ್ಲಿ ಅರವತ್ತು ಸಾವಿರ ಮತ ಬಿದ್ದಿದ್ದರೂ ಸಿಗುವುದು ಸೊನ್ನೆ.

ಚೆಲ್ಲಾಪಿಲ್ಲಿಯಾದ ಮತದ ಗತಿ ಇನ್ನೂ ಕಷ್ಟ. 2014ರ ಲೋಕಸಭೆ ಚುನಾವಣೆಯಲ್ಲಿ ಬಿಎಸ್‌ಪಿ ಶೇ. 4.2 ಮತ ಪಡೆದು ದೇಶದಲ್ಲೇ ಮೂರನೆಯದಾಯಿತು; ಒಂದು ಸ್ಥಾನವೂ ಬರಲಿಲ್ಲ. ಶೇ. 1.7 ಮತದ ಬಿಜು ಜನತಾದಳ (ಬಿಜೆಡಿ) ಒಡಿಶಾದ 21ರಲ್ಲಿ 20 ಗೆದ್ದಿತು. ಮರುವರ್ಷ ಬ್ರಿಟನ್ನಿನಲ್ಲಿ ಯುಕಿಪ್ ಪಕ್ಷಕ್ಕೆ ಶೇ. 12.6 ಮತ, ಒಂದು ಸ್ಥಾನ. ಸ್ಕಾಟ್ಲೆಂಡಿನಲ್ಲಿ ಮಾತ್ರ ನಿಂತ ಎಸ್‌ಎನ್‌ಪಿಗೆ ಶೇ. 4.7 ಮತ, 56 ಸ್ಥಾನ. ‘ಹೆಚ್ಚು ಮತ ಪಡೆದವನೇ ಗೆದ್ದ’ ಎಂಬ ಪದ್ಧತಿ ಎರಡೇ ಪಕ್ಷಗಳನ್ನು ಉಳಿಸುತ್ತದೆ ಎಂದು ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಡುವರ್ಜೆ ಹೇಳಿದ್ದನ್ನು ಪರೀಕ್ಷೆಗೆ ಬರೆಯುತ್ತೀರಿ. ಆ ಮಾತು ಕ್ಷೇತ್ರದ ಮಟ್ಟದಲ್ಲಿ ಸುಮಾರಾಗಿ ನಿಲ್ಲುತ್ತದೆ. ಆದರೆ ಆ ಇಬ್ಬರು ಯಾರು ಎನ್ನುವುದು ಸೀಮೆಯಿಂದ ಸೀಮೆಗೆ ಬೇರೆಯಾದರೆ ಸಂಸತ್ತಿನಲ್ಲಿ ಹತ್ತಾರು ಪಕ್ಷ ಕೂತಿರುತ್ತವೆ. ನಮ್ಮ ಲೋಕಸಭೆ ಅದಕ್ಕೆ ಸಾಕ್ಷಿ.

ಹಾಗಾದರೆ ಅನುಪಾತ ಪ್ರಾತಿನಿಧ್ಯ, ಅಂದರೆ ಮತದ ಪಾಲಿಗೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿ ತಂದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲಿಯದೇ ಲೆಕ್ಕ ಮಾಡಿ ನೋಡೋಣ, ಪೆನ್ನು ತೆಗೆಯಿರಿ. ಹಾಸನ ಜಿಲ್ಲೆಯ ಏಳೂ ಸ್ಥಾನ ಸೇರಿ ಒಂದೇ ಕ್ಷೇತ್ರ ಎಂದುಕೊಳ್ಳಿ. ನಾಲ್ಕು ಪಕ್ಷಗಳಿಗೆ ನೂರಕ್ಕೆ 41, 33, 18, 8 ಮತ. ಇದು ಬರೀ ಊಹೆಯ ಅಂಕಿ. ಡೋಂಟ್ ವಿಧಾನದಲ್ಲಿ ಪ್ರತಿ ಪಕ್ಷದ ಮತವನ್ನು 1, 2, 3, 4 ಹೀಗೆ ಭಾಗಿಸಿ, ಬಂದ ಭಾಗಲಬ್ಧಗಳಲ್ಲಿ ದೊಡ್ಡ ಏಳನ್ನು ಆರಿಸಿ, ಒಂದೊಂದಕ್ಕೂ ಒಂದು ಸ್ಥಾನ ಕೊಡುತ್ತಾರೆ: 41, 33, 20.5, 18, 16.5, 13.7, 11. ಹಂಚಿಕೆ 3, 3, 1, 0. ಸೇಂಟ್ ಲಾಗ್ಯೂ ವಿಧಾನದಲ್ಲಿ ಭಾಜಕಗಳು 1, 3, 5, 7. ಆಗ ದೊಡ್ಡ ಏಳು ಎಂದರೆ 41, 33, 18, 13.7, 11, 8.2, 8. ಹಂಚಿಕೆ 3, 2, 1, 1. ಒಂದು ಮತವೂ ಬದಲಾಗಿಲ್ಲ; ಎರಡನೆಯ ಪಕ್ಷದ ಒಂದು ಸ್ಥಾನ ನಾಲ್ಕನೆಯದಕ್ಕೆ ಹೋಯಿತು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಹಿಂದಿನ ಸುತ್ತಿನ ಭಾಗಲಬ್ಧವನ್ನೇ ಮತ್ತೆ ಭಾಗಿಸಿಬಿಡುತ್ತಾರೆ. ಭಾಗಿಸಬೇಕಾದದ್ದು ಪ್ರತಿ ಸಲವೂ ಮೂಲ ಮತವನ್ನೇ.

ಇನ್ನು ಅದೇ ಕ್ಷೇತ್ರಕ್ಕೆ ಏಳರ ಬದಲು ಎರಡೇ ಸ್ಥಾನ ಕೊಡಿ. ಎರಡು ವಿಧಾನದಲ್ಲೂ 1, 1, 0, 0! ಭಾಜಕಕ್ಕಿಂತ ಒಂದು ಕ್ಷೇತ್ರಕ್ಕೆ ಎಷ್ಟು ಸ್ಥಾನ ಎನ್ನುವುದೇ ದೊಡ್ಡದು. ಸಾರ್ವಜನಿಕ ಚರ್ಚೆಯಲ್ಲಿ ಅದನ್ನು ಕೇಳುವವರೇ ಕಡಿಮೆ. ಸ್ಪೇನಿನಲ್ಲಿ ಅನುಪಾತ ಪದ್ಧತಿಯೇ ಇದೆ, ಆದರೆ 350 ಸ್ಥಾನ 52 ಕ್ಷೇತ್ರಗಳಿಗೆ ಹಂಚಿಹೋಗಿವೆ. ಸೋರಿಯಾ ಪ್ರಾಂತ್ಯಕ್ಕೆ ಎರಡೇ ಸ್ಥಾನ. 2008ರಲ್ಲಿ ದೇಶವಿಡೀ ಹರಡಿದ ಎಡಪಕ್ಷಗಳ ಕೂಟ ಶೇ. 3.8 ಮತಕ್ಕೆ 2 ಸ್ಥಾನ ಪಡೆಯಿತು. ಬಾಸ್ಕ್ ಸೀಮೆಯ ಪಿಎನ್‌ವಿ ಶೇ. 1.2ಕ್ಕೆ 6. ನಮ್ಮ ಬಿಎಸ್‌ಪಿ, ಬಿಜೆಡಿ ಕಥೆಯೇ ಅಲ್ಲಿಯೂ. ನೆದರ್ಲೆಂಡ್ಸ್‌ನಲ್ಲಿ 150 ಸ್ಥಾನಕ್ಕೆ ಇಡೀ ದೇಶವೇ ಒಂದು ಲೆಕ್ಕ, ಶೇ. 0.67 ಮತ ಇದ್ದರೆ ಒಂದು ಸ್ಥಾನ. 2021ರಲ್ಲಿ 17 ಪಕ್ಷ ಒಳಗೆ ಬಂದವು.

ಅಷ್ಟೊಂದು ಬೇಡ ಎನ್ನುವ ದೇಶಗಳು ಕನಿಷ್ಠ ಮತದ ಮಿತಿ ಹಾಕುತ್ತವೆ. ಜರ್ಮನಿಯಲ್ಲಿ ಶೇ. 5. 2025ರಲ್ಲಿ ಬಿಎಸ್‌ಡಬ್ಲ್ಯು ಪಕ್ಷ ಶೇ. 4.98ರಲ್ಲಿ ನಿಂತು, ಹತ್ತು ಸಾವಿರಕ್ಕೂ ಕಡಿಮೆ ಮತದ ಕೊರತೆಯಿಂದ ಪೂರ್ತಿ ಹೊರಗುಳಿಯಿತು. ನ್ಯೂಜಿಲೆಂಡಿನಲ್ಲೂ ಶೇ. 5, ಆದರೆ ಒಂದು ಕ್ಷೇತ್ರ ಗೆದ್ದರೆ ಮಿತಿ ಮಾಫಿ. 2008ರಲ್ಲಿ ಶೇ. 4.07 ಪಡೆದ ನ್ಯೂಜಿಲೆಂಡ್ ಫಸ್ಟ್‌ಗೆ ಏನೂ ಇಲ್ಲ, ಶೇ. 3.65 ಪಡೆದ ಆ್ಯಕ್ಟ್ ಪಕ್ಷ ಎಪ್ಸಮ್ ಕ್ಷೇತ್ರ ಗೆದ್ದಿದ್ದರಿಂದ ಐವರನ್ನು ಕಳಿಸಿತು. ಈ ರಿಯಾಯಿತಿಗೆ ನನ್ನ ಒಪ್ಪಿಗೆಯಿಲ್ಲ. ದೊಡ್ಡ ಪಕ್ಷವೊಂದು ತನ್ನ ಮಿತ್ರನಿಗೆ ಒಂದು ಕ್ಷೇತ್ರ ಬಿಟ್ಟುಕೊಟ್ಟರೆ ಮಿತಿಗೆ ಅರ್ಥವೇ ಉಳಿಯದು.

ಗೆದ್ದು ಒಳಗೆ ಬಂದ ಮೇಲೂ ಸಣ್ಣ ಪಕ್ಷಕ್ಕೆ ನಿರಾಳವಿಲ್ಲ, ನಮ್ಮಲ್ಲಂತೂ. ಪಕ್ಷಾಂತರ ಮಾಡಿದವರನ್ನು ಅನರ್ಹಗೊಳಿಸುವ, ಸಂವಿಧಾನದ ಹತ್ತನೇ ಅನುಸೂಚಿಯಲ್ಲಿದ್ದ ಮೂರನೇ ಒಂದು ಭಾಗದ ‘ಒಡಕಿ’ನ ವಿನಾಯಿತಿಯನ್ನು 2003ರ ತಿದ್ದುಪಡಿ ತೆಗೆದುಹಾಕಿತು, ಮೂರನೇ ಎರಡು ಭಾಗ ಶಾಸಕರ ‘ವಿಲೀನ’ದ ವಿನಾಯಿತಿ ಉಳಿಯಿತು. ನೂರು ಶಾಸಕರ ಪಕ್ಷ ಒಡೆಯಲು 67 ಜನರನ್ನು ಒಪ್ಪಿಸಬೇಕು, ಮೂವರ ಪಕ್ಷಕ್ಕೆ ಇಬ್ಬರು ಸಾಕು. 2019ರ ಮಾರ್ಚ್‌ನಲ್ಲಿ ಗೋವಾದ ಎಂಜಿಪಿಯ ಮೂವರು ಶಾಸಕರಲ್ಲಿ ಇಬ್ಬರು ಬಿಜೆಪಿಯಲ್ಲಿ ವಿಲೀನವಾದರು. ಅದೇ ವರ್ಷ ರಾಜಸ್ಥಾನದ ಬಿಎಸ್‌ಪಿಯ ಆರೂ ಶಾಸಕರು ಕಾಂಗ್ರೆಸ್ ಸೇರಿದರು.