ಆ ಲೋಕ ಯಾರ ಕಂಪ್ಯೂಟರಿನಲ್ಲಿದೆ? ಗೆಳೆಯರ ಜೊತೆಗೂ ಒಬ್ಬರೇ ಕೂತೂ ಆಡೋ ಇಂಡೀ ಗೇಮ್‌ಗಳು

ನಮಸ್ಕಾರ. ದೊಡ್ಡ ಕಂಪನಿಗಳಲ್ಲದೆ ಒಬ್ಬಿಬ್ಬರು ಇಲ್ಲಾ ಪುಟ್ಟ ತಂಡಗಳು ಮಾಡೋ ಗೇಮುಗಳಿಗೆ ಇಂಡೀ ಅಂತಾರೆ. ಈಗ ಪರದೆ ಮೇಲೆ ಕಾಣ್ತಿರೋ ಪುಟ್ಟ ತೋಟ ಸ್ಟಾರ್‌ಡ್ಯೂ ವ್ಯಾಲಿಯದ್ದು. ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಎರಿಕ್ ಬರೋನ್ ಒಬ್ಬರೇ ಮಾಡಿ 2016ರಲ್ಲಿ ಹೊರತಂದ ಗೇಮ್ ಇದು. ಕಂಪ್ಯೂಟರಿನಲ್ಲಿ ಎಂಟು ಜನರ ತನಕ ಸೇರಿ ಇಲ್ಲಿ ಬೇಸಾಯ ಮಾಡಬಹುದು. ಆದ್ರೆ ತೋಟ ಇರೋದು ಹೋಸ್ಟ್ ಮಾಡಿದವರ, ಅಂದ್ರೆ ಗೇಮ್ ಶುರುಮಾಡಿ ಉಳಿದವರನ್ನ ಕರೆದವರ, ಕಂಪ್ಯೂಟರಿನಲ್ಲಿ ಮಾತ್ರ. ಅವರು ಬರದ ದಿನ ಉಳಿದವರಿಗೆ ಬಾಗಿಲೇ ತೆಗೆಯಲ್ಲ.

ಗುಂಪಿಗೆ ಗೇಮ್ ಆರಿಸುವಾಗ ಎಲ್ಲರೂ ರೇಟಿಂಗ್ ನೋಡ್ತಾರೆ, ಟ್ರೇಲರ್ ನೋಡ್ತಾರೆ. ನೋಡಬೇಕಾದ್ದು ಆ ಲೋಕ ಯಾರ ಹತ್ರ ಉಳಿಯುತ್ತೆ ಅನ್ನೋದನ್ನ. ಹೋಸ್ಟ್ ಆಗೋರು ದುಬಾರಿ ಕಂಪ್ಯೂಟರ್ ಇರೋರೇ ಆಗಬೇಕಿಲ್ಲ. ತಪ್ಪದೆ ಬರೋರು, ಇಂಟರ್ನೆಟ್ ಕಡಿದುಹೋಗದೆ ಇರೋರು ಆಗಬೇಕು. ಸ್ಟಾರ್‌ಡ್ಯೂ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತೆ.

ಸೇವ್ ಫೈಲನ್ನ ಇನ್ನೊಬ್ಬರಿಗೆ ಕಳಿಸಿದ್ರೆ ಆಗಲ್ವಾ ಅಂತ ಕೇಳಬಹುದು. ಫೈಲ್ ತೆರೆದುಕೊಳ್ಳುತ್ತೆ, ಆದ್ರೆ ತೆರೆದವರು ಹೋಸ್ಟಿನ ಪಾತ್ರವಾಗಿ ಆಡಬೇಕಾಗುತ್ತೆ, ಅವರ ಸ್ವಂತ ಪಾತ್ರ ಕ್ಯಾಬಿನ್ನಿನಲ್ಲೇ (ತೋಟದಲ್ಲಿ ಸೇರಿಕೊಂಡವರಿಗೆ ಇರೋ ಪುಟ್ಟ ಮನೆ) ಉಳಿಯುತ್ತೆ. ಹಾಗಾಗಿ ನಕಲು ಇಟ್ಟುಕೊಳ್ಳೋದು ಫೈಲ್ ಕೆಟ್ಟುಹೋದ್ರೆ ಇರಲಿ ಅಂತ ಅಷ್ಟೇ. ವಿಂಡೋಸ್‌ನಲ್ಲಿ ಆಪ್‌ಡೇಟಾ ಅನ್ನೋ ಅಡಗಿಸಿಟ್ಟ ಫೋಲ್ಡರ್, ಅದರೊಳಗೆ ರೋಮಿಂಗ್, ಅದರೊಳಗೆ ಸ್ಟಾರ್‌ಡ್ಯೂ ವ್ಯಾಲಿ, ಅದರೊಳಗೆ ಸೇವ್ಸ್. ಅಲ್ಲಿ ನಿಮ್ಮ ತೋಟದ ಹೆಸರಿರೋ ಫೋಲ್ಡರನ್ನ ಇಡಿಯಾಗಿ ಕಾಪಿ ಮಾಡಿ.

ಶುರು ಮಾಡುವಾಗ ಆಗೋ ಮೊದಲ ತಪ್ಪು ಕ್ಯಾಬಿನ್ನಿನದ್ದು. ಕೋ-ಆಪ್, ಅಂದ್ರೆ ಸೇರಿ ಆಡೋ, ತೋಟ ಸೃಷ್ಟಿಸೋ ಪರದೆಯಲ್ಲಿ ಎಷ್ಟು ಕ್ಯಾಬಿನ್ ಬೇಕು ಅಂತ ಕೇಳುತ್ತೆ. ಸೊನ್ನೆ ಬಿಟ್ಟು ಮುಂದೆ ಹೋದ್ರೆ ಬಡಗಿ ರಾಬಿನ್ ಹತ್ರ ಕಟ್ಟಿಸೋ ತನಕ ಯಾರೂ ಒಳಗೆ ಬರೋಕಾಗಲ್ಲ. ಮೂವರು ಗೆಳೆಯರಿದ್ರೆ ಮೂರು ಅಂತ ಹಾಕಿ. ಹಣ ಒಟ್ಟಿಗಿರಬೇಕಾ, ಬೇರೆ ಬೇರೆ ಇರಬೇಕಾ ಅನ್ನೋದನ್ನೂ ಅಲ್ಲೇ ತೀರ್ಮಾನಿಸಬಹುದು. ಇಬ್ಬರಿದ್ರೆ ಒಟ್ಟಿಗೇ ಇರಲಿ. ನಾಲ್ಕು ಜನರಾದ್ರೆ ಬೇರೆ ಬೇರೆ ಇಡೋದೇ ವಾಸಿ. ಒಬ್ಬರು ಬೀಜಕ್ಕೆ ಅಂತ ಎತ್ತಿಟ್ಟ ದುಡ್ಡಲ್ಲಿ ಇನ್ನೊಬ್ಬರು ಬ್ಯಾಗ್ ಕೊಂಡರೆ ಆ ವಾರದ ಲೆಕ್ಕವೇ ತಲೆಕೆಳಗು.

ಎರಡನೇದು ಸಮಯ. ಗೇಮಿನ ಹತ್ತು ನಿಮಿಷ ಅಂದ್ರೆ ನಮ್ಮ 7 ಸೆಕೆಂಡು. ಬೆಳಗ್ಗೆ 6ರಿಂದ ರಾತ್ರಿ 2ರವರೆಗಿನ ಒಂದು ದಿನ ಸುಮಾರು 14 ನಿಮಿಷದಲ್ಲಿ ಮುಗಿಯುತ್ತೆ. ಒಬ್ಬರೇ ಆಡುವಾಗ ಬ್ಯಾಗ್ ತೆರೆದ್ರೆ ಗಡಿಯಾರ ನಿಲ್ಲುತ್ತೆ, ಗುಂಪಿನಲ್ಲಿ ನಿಲ್ಲಲ್ಲ. ಪೆಟ್ಟಿಗೆ ತೆರೆದು ಸಾಮಾನು ಜೋಡಿಸ್ತಾ ಕೂತ್ರೆ ಅಷ್ಟರಲ್ಲಿ ಬೀಜ ಮಾರೋ ಪಿಯರ್ ಅಂಗಡಿ ಮುಚ್ಚಿರುತ್ತೆ. ಅದು ತೆರೆದಿರೋದು 9ರಿಂದ 5ರವರೆಗೆ, ಬುಧವಾರ ರಜೆ. ಯಾರಾದ್ರೂ ಎದ್ದು ಹೋಗಬೇಕಾದ್ರೆ ಹೋಸ್ಟ್ ಚಾಟಿನಲ್ಲಿ ಓರೆಗೆರೆ ಹಾಕಿ ಪಾಜ್ (/pause) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಲಿ, ಎಲ್ಲರಿಗೂ ಸಮಯ ನಿಲ್ಲುತ್ತೆ.

ಗೇಮ್ ಸೇವ್ ಆಗೋದು ಎಲ್ಲರೂ ಮಲಗಿದ ಮೇಲೇ. ಒಬ್ಬರು ಮೀನು ಹಿಡೀತಾ ಕೂತಿದ್ರೆ ಉಳಿದವರು ಹಾಸಿಗೆ ಮೇಲೆ ಕಾಯಬೇಕು. ಮಧ್ಯಾಹ್ನಕ್ಕೇ ಹೋಸ್ಟ್ ಹೊರಬಿದ್ರೆ ಆ ದಿನದ ಕೆಲಸ ಪೂರ್ತಿ ಹೋಯ್ತು. ನಿಲ್ಲಿಸೋ ಹೊತ್ತಿಗೆ ಕಾಲು ಗಂಟೆ ಮುಂಚೆಯೇ "ಇದೇ ಕೊನೇ ದಿನ" ಅಂತ ಹೇಳಿಬಿಡಿ.

ಬೆಳೆಯ ವಿಷಯಕ್ಕೆ ಬಂದ್ರೆ, ಕೈಯಲ್ಲಿರೋ ಶಕ್ತಿ 270. ಆರಂಭದ ಸಲಕರಣೆಗಳಲ್ಲಿ ಒಂದು ಸಲ ಅಗೆಯೋಕೆ 2, ಒಂದು ಗಿಡಕ್ಕೆ ನೀರು ಹಾಕೋಕೆ 2. ಮೊದಲ ದಿನ ಸಿಗೋ 15 ಪಾರ್ಸ್‌ನಿಪ್ (ಮೂಲಂಗಿಯಂಥ ಗಡ್ಡೆ) ಬೀಜ ನೆಟ್ಟು ನೀರು ಹಾಕೋಕೆ 60 ಖರ್ಚಾಗುತ್ತೆ, ಮಿಕ್ಕಿದ್ದರಲ್ಲಿ ಮರ ಕಡೀಬಹುದು. ಪಾರ್ಸ್‌ನಿಪ್ ಬೆಳೆಯೋಕೆ 4 ದಿನ, ನೀರು ತಪ್ಪಿದ ದಿನ ಲೆಕ್ಕಕ್ಕಿಲ್ಲ. ಒಂದು ಋತುವಿಗೆ 28 ದಿನ, ಹಾಗಾಗಿ 24ನೇ ತಾರೀಕು ದಾಟಿದ ಮೇಲೆ ನೆಟ್ಟರೆ ಬೀಜ ದಂಡ. 13ನೇ ತಾರೀಕಿನ ಮೊಟ್ಟೆ ಹಬ್ಬದಲ್ಲಿ ಸ್ಟ್ರಾಬೆರಿ ಬೀಜ ಮಾರ್ತಾರೆ, ಒಂದಕ್ಕೆ 100 ಚಿನ್ನ. ಹಬ್ಬ ಮುಗಿಸಿ ಮನೆಗೆ ಬರುವಾಗ ರಾತ್ರಿ 10 ಆಗಿರುತ್ತೆ, ಆ ಹೊತ್ತಲ್ಲಿ ಎಲ್ಲರೂ ಗಡಿಬಿಡಿಯಿಂದ ನೆಡೋಕೆ ಓಡ್ತಾರೆ. ಓಡಬೇಕಾಗಿಲ್ಲ. ಮೊದಲ ಹಣ್ಣಿಗೆ 8 ದಿನ, ಆಮೇಲೆ 4 ದಿನಕ್ಕೊಮ್ಮೆ. 16ನೇ ತಾರೀಕು ನೆಟ್ಟರೂ 24ಕ್ಕೆ ಒಂದು ಕೊಯ್ಲು, 28ಕ್ಕೆ ಇನ್ನೊಂದು. 13ಕ್ಕೆ ನೆಟ್ಟವರಿಗೂ ಸಿಗೋದು ಎರಡೇ. ನಿಜವಾಗಿ ಬೇಕಾಗಿರೋದು ಹಬ್ಬದ ದಿನ ಕೈಯಲ್ಲಿ ದುಡ್ಡು, ಅದಕ್ಕೇ 12ನೇ ತಾರೀಕಿನೊಳಗೆ ಮೀನು, ಬೆಳೆ ಎಲ್ಲ ಮಾರಿಟ್ಟುಕೊಳ್ಳಿ.

ಕಾಡಿನಲ್ಲಿ ಮನೆ ಕಟ್ಟಿ ಬದುಕುಳಿಯೋ ಗೇಮ್ ವಾಲ್‌ಹೈಮ್‌ನಲ್ಲಿ ಈ ಹೋಸ್ಟಿನ ಕಟ್ಟು ಸ್ವಲ್ಪ ಸಡಿಲ. ಲೋಕ ಹೋಸ್ಟಿನದ್ದು, ಆದ್ರೆ ಪಾತ್ರವೂ ಅದರ ಬೆನ್ನಿಗಿರೋ ಸಾಮಾನೂ ನಿಮ್ಮವು. ಹೋಸ್ಟ್ ಇಲ್ಲದ ದಿನ ನಿಮ್ಮದೇ ಲೋಕಕ್ಕೆ ಹೋಗಿ ಕಟ್ಟಿಗೆ ಕೂಡಿಹಾಕಿ ಮರುದಿನ ಗುಂಪಿಗೆ ತರಬಹುದು. ಹತ್ತು ಜನರ ತನಕ ಸೇರಬಹುದು. ಹೊಸಬರು ಇಲ್ಲಿ ಎಡವೋದು ಮನೆ ಕಟ್ಟುವಾಗ. ನಾಲ್ಕೂ ಕಡೆ ಮುಚ್ಚಿದ ಗುಡಿಸಲಲ್ಲಿ ಬೆಂಕಿ ಹಾಕಿದ್ರೆ ಹೊಗೆ ತುಂಬಿ ಪ್ರಾಣ ಇಳೀತಾ ಹೋಗುತ್ತೆ. ಪೂರ್ತಿ ತೆರೆದಿಟ್ರೆ ಮಳೆಗೆ ಬೆಂಕಿ ಆರುತ್ತೆ. ಮಾಡಿನ ತುದಿಯಲ್ಲಿ ಹೊಗೆಗೆ ದಾರಿ ಬಿಟ್ಟು, ಅದರ ಮೇಲೆ ಒಂದು ಮಟ್ಟ ಎತ್ತರದಲ್ಲಿ ಇನ್ನೊಂದು ಪುಟ್ಟ ಮಾಡು ಕಟ್ಟಿ. ಊಟದಲ್ಲಿ ಮೂರು ಬೇರೆ ಬೇರೆ ಪದಾರ್ಥ ತಿನ್ನಿ, ಒಂದೇ ಪದಾರ್ಥವನ್ನ ಮೂರು ಸಲ ತಿನ್ನೋಕೆ ಬಿಡಲ್ಲ.

ಒಂದು ಗಂಟೆಯಲ್ಲಿ ಎಲ್ಲರೂ ಕಿರುಚಾಡಿ ಮುಗಿಸಬೇಕು ಅಂದ್ರೆ ಲೀಥಲ್ ಕಂಪನಿ. ನಾಲ್ಕು ಜನ, ಮೂರು ದಿನ, ಮೊದಲ ಗುರಿ 130 ಕ್ರೆಡಿಟ್. ಕತ್ತಲ ಕಟ್ಟಡಗಳಿಂದ ಗುಜರಿ ಹೊತ್ತು ತರೋ ಕೆಲಸ. ಶುರುವಿನಲ್ಲಿ 60 ಕ್ರೆಡಿಟ್ ಇರುತ್ತೆ, ಸಾದಾ ಟಾರ್ಚ್ 15. ನಾಲ್ಕು ಟಾರ್ಚಿಗೆ ಸರಿಯಾಗಿ 60 ಆಗೋದ್ರಿಂದ ಎಲ್ಲರ ಕೈ ಅಲ್ಲಿಗೇ ಹೋಗುತ್ತೆ. ಅದರ ಬದಲು ಎರಡು ಟಾರ್ಚ್, 12ರ ಲೆಕ್ಕದಲ್ಲಿ ಎರಡು ವಾಕಿಟಾಕಿ ತಗೊಳ್ಳಿ, ಒಟ್ಟು 54. ಮೂವರು ಒಳಗೆ ಹೋಗಲಿ, ಒಬ್ಬರು ಹಡಗಿನಲ್ಲಿ ಕೂತು ಪರದೆ ನೋಡಿ ದಾರಿ ಹೇಳಲಿ, ಬೀಗ ಬಿದ್ದ ದೊಡ್ಡ ಬಾಗಿಲುಗಳನ್ನ ಅಲ್ಲಿಂದಲೇ ತೆಗೆಯಲಿ. ಸಾಮಾನನ್ನ ಮೊದಲ ದಿನವೇ ಮಾರಬೇಡಿ. ಗಡುವಿನ ದಿನ ಕಂಪನಿ ಕೊಡೋದು ಪೂರ್ತಿ 100 ಪರ್ಸೆಂಟ್ ಬೆಲೆ, ಅದಕ್ಕೂ ಮುಂಚೆ ಕಡಿಮೆ. ಆದ್ರೆ ನಾಲ್ವರೂ ಸತ್ತರೆ ಹಡಗಿನಲ್ಲಿ ಕೂಡಿಟ್ಟ ಗುಜರಿಯೆಲ್ಲ ಮಾಯ. ಹಡಗಿನಲ್ಲೇ ಉಳಿಯೋ ಆ ನಾಲ್ಕನೇ ಜನ ಬೇಕಾಗೋದು ಇದಕ್ಕೂ ಹೌದು. ಇನ್ನೊಂದು ಮಾತು: ಕಣ್ಣಿಲ್ಲದ ನಾಯಿಗಳು ನಿಮ್ಮ ಮೈಕಿನ ಧ್ವನಿಯನ್ನೇ ಕೇಳಿಸಿಕೊಳ್ತವೆ. ಸ್ಪೀಕರ್ ಬದಲು ಹೆಡ್‌ಫೋನ್ ಹಾಕಿ, ಹಿಂದೆ ಫ್ಯಾನ್ ಶಬ್ದ ಇದ್ರೆ ಒತ್ತಿ ಮಾತಾಡೋ ಆಯ್ಕೆ ಇಟ್ಟುಕೊಳ್ಳಿ.

ಒಂದೇ ಕಾಪಿ ಇದೆ, ಗೆಳೆಯರು ಬೇರೆ ಮನೆಯಲ್ಲಿದ್ದಾರೆ ಅಂದ್ರೆ ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮಿನ ರಿಮೋಟ್ ಪ್ಲೇ ಟುಗೆದರ್ ಇದೆ. ಒಂದೇ ಪರದೆ ಮುಂದೆ ಕೂತು ಆಡೋ ಗೇಮುಗಳಿಗೆ ಇದು. ಸೇರಿ ಅಡುಗೆ ಮಾಡೋ ಗೇಮ್ ಓವರ್‌ಕುಕ್ಡ್ 2 ಇದಕ್ಕೆ ಒಳ್ಳೇ ಉದಾಹರಣೆ. ಗೇಮ್ ಓಡೋದು ನಿಮ್ಮಲ್ಲಿ, ಗೆಳೆಯರಿಗೆ ಹೋಗೋದು ವಿಡಿಯೋ ಮಾತ್ರ. ಹಾಗಾಗಿ ನೋಡಬೇಕಾದ್ದು ನಿಮ್ಮ ಅಪ್‌ಲೋಡ್ ವೇಗ, ಮತ್ತು ಮೂವರಿಗೆ ಕಳಿಸಿದ್ರೆ ಮೂರು ಪಟ್ಟು ಬೇಕು. ಚಿತ್ರ ತಡವಾಗ್ತಿದ್ರೆ ಮೊದಲು ವೈಫೈ ಬಿಟ್ಟು ಕೇಬಲ್ ಹಾಕಿ, ಆಮೇಲೂ ಆಗದಿದ್ರೆ ರೆಸೊಲ್ಯೂಶನ್ ಇಳಿಸಿ. ಓವರ್‌ಕುಕ್ಡ್ ಆಡುವಾಗ ಆರ್ಡರುಗಳನ್ನ ಎಡಗಡೆಯಿಂದ ಸರದಿ ತಪ್ಪದೆ ಕೊಡಿ, ಟಿಪ್ಸ್ ನಾಲ್ಕು ಪಟ್ಟಿನ ತನಕ ಏರುತ್ತೆ. ಪಾತ್ರೆ ಬೀಪ್ ಅಂತ ಕೂಗೋಕೆ ಶುರುವಾದ್ರೆ ತಟ್ಟೆ ಹುಡುಕ್ತಾ ನಿಲ್ಲಬೇಡಿ. ಪಾತ್ರೆ ಎತ್ತಿ ಪಕ್ಕದ ಕಟ್ಟೆ ಮೇಲಿಡಿ, ಒಲೆಯಿಂದ ಇಳಿದದ್ದು ಸುಡಲ್ಲ.

ಈಗ ಒಬ್ಬರೇ ಆಡೋ ಹೊತ್ತು.

ಸ್ಲೇ ದ ಸ್ಪೈರ್. ಇಸ್ಪೀಟಿನ ಹಾಗೆ ಎಲೆ ಹಿಡಿದು ಯುದ್ಧ ಮಾಡೋ ಗೇಮ್. ಮೊದಲ ಪಾತ್ರ ಐರನ್‌ಕ್ಲಾಡ್‌ಗೆ 10 ಎಲೆ: 5 ಸ್ಟ್ರೈಕ್, 4 ಡಿಫೆಂಡ್, 1 ಬ್ಯಾಶ್. ಪ್ರತಿ ಸರದಿಗೆ 5 ಎಲೆ, 3 ಎನರ್ಜಿ. ಇಲ್ಲಿ ಕೈಯಲ್ಲಿರೋದನ್ನ ಹತ್ತಿರದಿಂದ ನೋಡಿ. ಸ್ಟ್ರೈಕ್‌ಗೆ 1 ಎನರ್ಜಿ, ಪೆಟ್ಟು 6. ಬ್ಯಾಶ್‌ಗೆ 2 ಎನರ್ಜಿ, ಪೆಟ್ಟು 8, ಜೊತೆಗೆ ಶತ್ರುವನ್ನ ಎರಡು ಸರದಿ ದುರ್ಬಲ ಮಾಡುತ್ತೆ; ಅಷ್ಟು ಹೊತ್ತು ಪ್ರತಿ ಪೆಟ್ಟೂ ಒಂದೂವರೆ ಪಟ್ಟು ಬೀಳುತ್ತೆ. ಸ್ಟ್ರೈಕ್ ಮೊದಲು, ಬ್ಯಾಶ್ ಆಮೇಲೆ ಹಾಕಿದ್ರೆ 6 ಕೂಡಿಸು 8, ಅಂದ್ರೆ 14. ಬ್ಯಾಶ್ ಮೊದಲು ಹಾಕಿದ್ರೆ 8 ಕೂಡಿಸು 9, ಅಂದ್ರೆ 17. ಅದೇ ಎಲೆ, ಅದೇ ಎನರ್ಜಿ.

ಹತ್ತು ಎಲೆಯಲ್ಲಿ ಬ್ಯಾಶ್ ಎರಡು ಸರದಿಗೊಮ್ಮೆ ಕೈಗೆ ಬರುತ್ತೆ. ಸಿಕ್ಕಿದ್ದನ್ನೆಲ್ಲ ಸೇರಿಸಿ ಇಪ್ಪತ್ತು ಮಾಡಿದ್ರೆ ನಾಲ್ಕು ಸರದಿಗೊಮ್ಮೆ. ಗೆದ್ದಾಗೆಲ್ಲ ಎಲೆ ತಗೊಳ್ಳೋದು ಕಡ್ಡಾಯ ಅಲ್ಲ, ಬಿಟ್ಟು ಮುಂದೆ ಹೋಗಬಹುದು. ಅಂಗಡಿಯಲ್ಲಿ 75 ಚಿನ್ನ ಕೊಟ್ಟು ಒಂದು ಸ್ಟ್ರೈಕನ್ನ ತೆಗೆಸೋದು ಬಹಳ ಸಲ ಹೊಸ ಎಲೆ ಕೊಳ್ಳೋದಕ್ಕಿಂತ ಲಾಭ. ಹಾಗಂತ ಮೊದಲ ಹಂತದಲ್ಲಿ ಬರೀ ರಕ್ಷಣೆ ನಂಬಬೇಡಿ: ಗ್ರೆಮ್ಲಿನ್ ನಾಬ್ ಅನ್ನೋ ಶತ್ರುವಿನ ಮುಂದೆ ಡಿಫೆಂಡಿನಂಥ ಸ್ಕಿಲ್ ಎಲೆ ಹಾಕಿದಷ್ಟೂ ಅವನ ಬಲ ಏರುತ್ತೆ. ಅವನು ಎದುರಾಗೋ ಮುಂಚೆ ಗಟ್ಟಿ ಪೆಟ್ಟಿನ ಎಲೆ ಎರಡು ಮೂರಾದ್ರೂ ಇರಲಿ.

ನೆಲದಡಿಯ ಲೋಕದಲ್ಲಿ ದಾರಿ ಹುಡುಕ್ತಾ ಹೋಗೋ ಹಾಲೋ ನೈಟ್ ಶುರು ಮಾಡೋರು ದಾರಿ ತಪ್ಪೋದು ಒಂದೇ ಕಾರಣಕ್ಕೆ. ನಕ್ಷೆ ಕೊಂಡರೆ ಸಾಲದು. ಹೊಸ ಜಾಗ ಅದರಲ್ಲಿ ಮೂಡಬೇಕಾದ್ರೆ ಕ್ವಿಲ್ ಅನ್ನೋ ಗರಿಯೂ ಬೇಕು, ಬೆಂಚಿನ ಮೇಲೆ ಕೂರಲೂ ಬೇಕು. ನೀವು ಎಲ್ಲಿದ್ದೀರಿ ಅಂತ ತೋರಿಸೋದು ವೇವರ್ಡ್ ಕಂಪಾಸ್, ಬೆಲೆ 220 ಜಿಯೋ (ಈ ಗೇಮಿನ ನಾಣ್ಯ). ಮೊದಲು ಕೂಡಿಸಿದ ದುಡ್ಡನ್ನ ಈ ಎರಡಕ್ಕೇ ಹಾಕಿ. ಸತ್ತರೆ ದುಡ್ಡು ಸತ್ತ ಜಾಗದಲ್ಲೇ ನಿಮ್ಮ ನೆರಳಿನ ಹತ್ರ ಉಳಿಯುತ್ತೆ, ಅದನ್ನ ಹೊಡೆದು ವಾಪಸ್ ಪಡೆಯೋ ಮುಂಚೆ ಮತ್ತೆ ಸತ್ತರೆ ಹೋಯ್ತು.

ಬೆಟ್ಟ ಹತ್ತೋ ಹುಡುಗಿಯ ಗೇಮ್ ಸೆಲೆಸ್ಟ್‌ನಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೀಳ್ತಿದ್ರೆ ಕೈಯನ್ನ ಬೈಯೋ ಮುಂಚೆ ಕೀಬೋರ್ಡ್ ಪರೀಕ್ಷೆ ಮಾಡಿ. ಮೇಲಿನ ಬಾಣ, ಬಲಗಡೆ ಬಾಣ, ಡ್ಯಾಶ್ (ಗಾಳಿಯಲ್ಲಿ ಮುನ್ನುಗ್ಗೋ ಕೀ) ಮೂರನ್ನೂ ಒಟ್ಟಿಗೆ ಒತ್ತಿ. ಹುಡುಗಿ ಓರೆಯಾಗಿ ಹಾರದಿದ್ರೆ, ಆ ಕೀಬೋರ್ಡ್ ಆ ಮೂರು ಕೀಗಳನ್ನ ಒಟ್ಟಿಗೆ ಗುರುತಿಸ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಡ್ಯಾಶನ್ನ ಬೇರೆ ಕೀಗೆ ಬದಲಿಸಿ ನೋಡಿ, ಇಲ್ಲಾ ಕಂಟ್ರೋಲರ್ ಹಾಕಿ. ಕಷ್ಟ ಇನ್ನೂ ಹೆಚ್ಚು ಅನ್ನಿಸಿದ್ರೆ ಅಸಿಸ್ಟ್ ಮೋಡ್ ಇದೆ, ವೇಗವನ್ನ 50 ಪರ್ಸೆಂಟ್ ತನಕ ಇಳಿಸಬಹುದು. ಮೊದಲು 90, ಆಮೇಲೆ 80. ಕೈ ಪಳಗಿದ ಮೇಲೆ ಮತ್ತೆ ಏರಿಸಿ, ಯಾವ ಅಧ್ಯಾಯವೂ ಅದರಿಂದ ಮುಚ್ಚಲ್ಲ.

ಕೊಳ್ಳೋ ವಿಷಯ. ಸ್ಟೀಮಿನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. ಗೇಮ್ ತೆರೆದಿಟ್ಟು ಗೆಳೆಯರಿಗಾಗಿ ಕಾಯೋ ಸಮಯವೂ ಆ 2 ಗಂಟೆಯೊಳಗೇ ಸೇರುತ್ತೆ. ಅದಕ್ಕೇ ಎಲ್ಲರೂ ವಾಯ್ಸ್ ಕಾಲ್‌ಗೆ ಬಂದ ಮೇಲೇ ಗೇಮ್ ತೆರೆಯಿರಿ. ಮೊದಲ ಹತ್ತು ನಿಮಿಷ ಎಲ್ಲರೂ ಒಳಗೆ ಬರ್ತಾರಾ, ಧ್ವನಿ ಕೇಳುತ್ತಾ, ಹೋಸ್ಟ್ ಹೊರಗೆ ಹೋಗಿ ಮತ್ತೆ ಬಂದ್ರೆ ಲೋಕ ಹಾಗೇ ಇರುತ್ತಾ, ಅಷ್ಟನ್ನ ನೋಡಿ. ಆಮೇಲೆ ಬೀಜ ನೆಡಿ.